ಪೆಗ್ಗಿ ಆಶ್‌ಕ್ರಾಫ್ಟ್: ರಂಗದಿಂದ ತೆರೆಗೆ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರಿಗೆ ರಾಮನಗರದ ಬಂಡೆಬೆಟ್ಟಗಳು ಪರಿಚಿತವಾದುವೇ. ಇ. ಎಂ. ಫಾರ್ಸ್ಟರರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಡೇವಿಡ್ ಲೀನ್ ಚಲಚ್ಚಿತ್ರವಾಗಿಸಿದಾಗ, ಅದರ ಮರಬಾರ್ ಗುಹೆಗಳಿಗೆಂದು ಆರಿಸಿಕೊಂಡದ್ದು ಇಲ್ಲಿಯ ರಾಮದೇವರ ಬೆಟ್ಟವನ್ನು, ಮಾಗಡಿಯ ಬಳಿಯ ಸಾವನದುರ್ಗವನ್ನು. ಗುಹೆಯ ಬಾಯಿಗಳನ್ನು ಬಂಡೆಯಲ್ಲಿ ಕೊರೆಯಿಸಿದ್ದೂ ಚಿತ್ರತಂಡವೇ. 1984ರಲ್ಲಿ ತೆರೆಕಂಡ ಆ ಚಿತ್ರದಲ್ಲಿ, ಗುಹೆಯ ಪ್ರತಿಧ್ವನಿಗೆ ತತ್ತರಿಸಿ ಹೊರಬರುವ ವೃದ್ಧೆ ಮಿಸೆಸ್ ಮೂರ್ ಆಗಿ ಅಭಿನಯಿಸಿದವರು ಇಂಗ್ಲೆಂಡಿನ ನಟಿ ಪೆಗ್ಗಿ ಆಶ್‌ಕ್ರಾಫ್ಟ್.

ಲೋಕದ ಬಹುಪಾಲು ಜನ ಆಕೆಯ ಮುಖವನ್ನು ಗುರುತಿಸತೊಡಗಿದ್ದು ಆ ವರ್ಷವೇ. ಅಷ್ಟರಲ್ಲಿ ಆಕೆಗೆ ಎಪ್ಪತ್ತಾರು ತುಂಬಿತ್ತು. ವೃತ್ತಿರಂಗವನ್ನೇರಿ ಐವತ್ತೆಂಟು ವರ್ಷಗಳಾಗಿದ್ದವು. ರಂಗನಟರ ಕೀರ್ತಿ ನೀರ ಮೇಲಣ ಬರಹವೆನ್ನುತ್ತೇವೆ. ಆಶ್‌ಕ್ರಾಫ್ಟರ ಬಾಳನ್ನು ನೆನೆದಾಗ ಆ ಮಾತು ಎಷ್ಟರಮಟ್ಟಿಗೆ ನಿಜ ಎಂದು ಕೇಳಿಕೊಳ್ಳಬೇಕೆನಿಸುತ್ತದೆ.

1907ರಲ್ಲಿ ಲಂಡನ್ನಿನ ಸಮೀಪದ ಕ್ರಾಯ್ಡನ್ನಿನಲ್ಲಿ ಜನಿಸಿದ ಆಕೆ, 1930ರಲ್ಲಿ ಪಾಲ್ ರೋಬ್ಸನ್ನರ ಒಥೆಲೋಗೆ ಡೆಸ್ಡಿಮೋನಾ ಆದರು. ಕರಿಯ ನಟನೊಬ್ಬ ಬಿಳಿಯ ತರುಣಿಯನ್ನು ರಂಗದ ಮೇಲೆ ಚುಂಬಿಸಬಹುದೆ ಎಂಬ ಪ್ರಶ್ನೆ ಅಂದು ಎದ್ದಿತು. ಇಪ್ಪತ್ತೆರಡರ ಆ ಹುಡುಗಿಗೆ ನಿಂದೆಯ ಪತ್ರಗಳು ಬಂದವು. ಆಕೆ ಹಿಂದೆಗೆಯಲಿಲ್ಲ. ವರ್ಣದ್ವೇಷವೆಂದರೇನೆಂಬುದನ್ನು ಆಕೆ ಹತ್ತಿರದಿಂದ ಕಂಡದ್ದು ಆ ನಾಟಕದಲ್ಲಿಯೇ.

1935ರಲ್ಲಿ ಆಕೆ ಜೂಲಿಯೆಟ್. ಗೀಲ್ಗುಡ್ ಮತ್ತು ಒಲಿವಿಯೇ ಇಬ್ಬರೂ ರೋಮಿಯೋ ಹಾಗೂ ಮರ್ಕ್ಯೂಶಿಯೋ ಪಾತ್ರಗಳನ್ನು ಸರದಿಯಂತೆ ಬದಲಿಸಿಕೊಳ್ಳುತ್ತಿದ್ದರು. 1956ರಲ್ಲಿ ‘ಡೇಮ್’ ಪದವಿ ಬಂದಿತು. 1963ರ ‘ದಿ ವಾರ್ಸ್ ಆಫ್ ದಿ ರೋಸಸ್’ ನಾಟಕಮಾಲೆಯಲ್ಲಿ ಐವತ್ತೈದರ ಆಶ್‌ಕ್ರಾಫ್ಟ್ ರಾಣಿ ಮಾರ್ಗರೆಟ್ಟಳಾದರು: ಫ್ರಾನ್ಸಿನಿಂದ ಬರುವ ನವವಧುವಿನಿಂದ ಹಿಡಿದು, ಪತಿಯನ್ನೂ ಮಗನನ್ನೂ ಕಳೆದುಕೊಂಡು ಶಪಿಸುತ್ತ ಅಲೆಯುವ ಮುದುಕಿಯವರೆಗೆ. 1975ರಲ್ಲಿ ಬೆಕೆಟ್ಟರ ‘ಹ್ಯಾಪಿ ಡೇಸ್’ ನಾಟಕದ ವಿನ್ನಿ. ಮೊದಲ ಅಂಕದಲ್ಲಿ ಸೊಂಟದವರೆಗೆ, ಎರಡನೆಯದರಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತುಹೋದ ಹೆಂಗಸು ಅವಳು. ನಟಿಗೆ ಉಳಿಯುವುದು ಮುಖ ಮತ್ತು ಧ್ವನಿ ಮಾತ್ರ.

ರಂಗಮಂದಿರದ ಕಡೆಯ ಸಾಲನ್ನು ಮುಟ್ಟುವಂತೆ ದನಿಯನ್ನೂ ಅಂಗಾಭಿನಯವನ್ನೂ ಹಿಗ್ಗಿಸಿಕೊಂಡ ಕಲಾವಿದರು ಕ್ಯಾಮರಾದ ಮುಂದೆ ಎಡವುವುದುಂಟು. ಈಕೆ ಎಡವಲಿಲ್ಲ. ಇತರರ ಮಾತನ್ನು ನಿಜವಾಗಿ ಆಲಿಸುವುದು ಆಕೆಯ ಅಭಿನಯದ ಜೀವಾಳವಾಗಿದ್ದುದೇ ಇದಕ್ಕೆ ಕಾರಣವೆಂದು ನನ್ನ ಭಾವನೆ. ಆಲಿಸುವ ಮುಖವನ್ನು ಕ್ಯಾಮರಾ ಬಲು ಬೇಗ ಗುರುತಿಸುತ್ತದೆ.

ಪಾಲ್ ಸ್ಕಾಟರ ಕಾದಂಬರಿಗಳನ್ನು ಆಧರಿಸಿದ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಎಂಬ ಹದಿನಾಲ್ಕು ಕಂತುಗಳ ಟೆಲಿವಿಷನ್ ಧಾರಾವಾಹಿ ಬ್ರಿಟನ್ನಿನಲ್ಲಿ ಪ್ರಸಾರವಾದದ್ದೂ 1984ರಲ್ಲಿಯೇ. ಅದರಲ್ಲಿ ಆಕೆ ನಿವೃತ್ತ ಮಿಷನರಿ ಉಪಾಧ್ಯಾಯಿನಿ ಬಾರ್ಬಿ ಬ್ಯಾಚ್ಲರ್. ಭಾರತದಲ್ಲಿ ಬಾಳು ಸವೆಸಿ, ತನ್ನ ಸೇವೆ ದೇವರಿಗೆ ಮುಟ್ಟಿತೋ ಇಲ್ಲವೋ ಎಂದು ತಳಮಳಿಸುವ ಹೆಂಗಸು. ಮಾತೇ ಉಸಿರಾಗಿದ್ದ ಬಾರ್ಬಿ ಕಡೆಗೆ ಮೌನದೊಳಕ್ಕೆ ಸರಿದುಹೋಗುತ್ತಾಳೆ. ಸಾಮ್ರಾಜ್ಯವೊಂದರ ಸೋಲು ಆ ಒಂಟಿ ಮುದುಕಿಯ ಕಣ್ಣುಗಳಲ್ಲಿ ಕಾಣಿಸಿತು. ಈ ಪಾತ್ರಕ್ಕೆ ಬ್ರಿಟಿಷ್ ಅಕಾಡೆಮಿಯ ದೂರದರ್ಶನ ಪ್ರಶಸ್ತಿ ಸಂದಿತು. 1985ರಲ್ಲಿ ಮಿಸೆಸ್ ಮೂರ್ ಪಾತ್ರಕ್ಕೆ ಆಸ್ಕರ್. ಪೋಷಕ ನಟಿಯ ಆಸ್ಕರನ್ನು ಎಪ್ಪತ್ತೇಳರ ಆಕೆಗಿಂತ ಹಿರಿಯ ವಯಸ್ಸಿನಲ್ಲಿ ಪಡೆದವರು ಇನ್ನೂ ಯಾರೂ ಇಲ್ಲ. 1991ರಲ್ಲಿ ಆಕೆ ತೀರಿಕೊಂಡರು.

ಜೂಲಿಯೆಟ್ಟಳ ಸಂಜೆಗಳು ಅಂದಿನ ಪ್ರೇಕ್ಷಕರೊಡನೆಯೇ ಕಳೆದುಹೋದವು. ಆದರೆ ಮಿಸೆಸ್ ಮೂರ್ ಇರುಳಿನ ಮಸೀದಿಯಲ್ಲಿ, ಬರಿಗಾಲಿನಲ್ಲಿ ನಿಂತು, ಅಪರಿಚಿತ ಡಾಕ್ಟರ್ ಅಜೀಜನ ಮಾತನ್ನು ಕೇಳುವ ದೃಶ್ಯ ಉಳಿದಿದೆ. ಕರಿಯ ಗಂಡನ ಸಾಹಸಕಥೆಗಳನ್ನು ಆಲಿಸಿಯೇ ಮನಸೋತವಳಲ್ಲವೆ ಡೆಸ್ಡಿಮೋನಾ? ಐವತ್ತು ವರ್ಷಗಳ ಹಿಂದೆ ರೋಬ್ಸನ್ನರ ಎದುರು ನಿಂತು ಕೇಳಿದ ಕಿವಿಗಳೇ ಇಲ್ಲಿಯೂ ಕೇಳುತ್ತಿವೆ. ನೀರ ಮೇಲಣ ಬರಹ ಅಳಿಸಿಹೋಗಿರಬಹುದು; ಬರೆದ ಕೈಯ ಪಳಗು ಅಳಿದಿರಲಿಲ್ಲ. ಅದರ ಒಂದು ಗುರುತು ನಮ್ಮದೇ ಬಂಡೆಗಳ ನಡುವಿನ ಆ ದೃಶ್ಯಗಳಲ್ಲಿಯೂ ಉಳಿದಿದೆ ಎಂಬುದು ನಮಗೆ ಸಂತೋಷದ ಸಂಗತಿ.