ಮೂರನೇ ತರಗತಿಗೆ ಮುಗಿಯುವ ಏಣಿ

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೋಲಾರದ ಶಾಲೆಗಳಿಂದ ಬೆಳಗಿನ ಬಸ್ಸು ಹಿಡಿದು ಬಂದ ಮೇಷ್ಟ್ರುಗಳೇ, ಮೇಡಂಗಳೇ, ತಾಲ್ಲೂಕು ಕೇಂದ್ರಗಳ ಬಿ.ಐ.ಇ.ಆರ್.ಟಿ. ಸಂಪನ್ಮೂಲ ಶಿಕ್ಷಕ ಮಿತ್ರರೇ,

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ತಕ್ಕಂತೆ ತರಗತಿಯ ಪಾಠವನ್ನು ಹೊಂದಿಸಿಕೊಳ್ಳುವುದು ಈ ಸಂಕಿರಣದ ವಿಷಯ. ಇಂಥ ಭಾಷಣವನ್ನು ಕಾಯ್ದೆಯಿಂದ ಶುರುಮಾಡುವುದು ವಾಡಿಕೆ. ನಾನು ರೇಷ್ಮೆ ಹುಳುವಿನಿಂದ ಶುರುಮಾಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಯಾರೂ ನಗಲಾರರು.

ನಾಲ್ಕು ಜ್ವರ ದಾಟಿದ ಹುಳು ಹಣ್ಣಾಗುವ ದಿನ ನಿಮ್ಮಲ್ಲಿ ಅನೇಕರು ಹುಳುಮನೆಯಲ್ಲಿ ಕೆಲಸ ಮಾಡಿದವರೇ. ಒಂದೇ ದಿನ ಮೊಟ್ಟೆಯೊಡೆದು ಬಂದರೂ ಎಲ್ಲವೂ ಒಂದೇ ಗಳಿಗೆಗೆ ಹಣ್ಣಾಗುವುದಿಲ್ಲ. ಹಣ್ಣಾದವನ್ನು ಆಯ್ದು ಚಂದ್ರಿಕೆಗೆ ಬಿಡುತ್ತೇವೆ, ಉಳಿದವಕ್ಕೆ ಇನ್ನೊಂದು ಸಲ ಸೊಪ್ಪು ಹಾಕುತ್ತೇವೆ. ಹಿಂದೆ ಉಳಿದದ್ದನ್ನು ಯಾರೂ ದಡ್ಡ ಹುಳು ಅನ್ನುವುದಿಲ್ಲ. ಹೋಲಿಕೆ ಇಲ್ಲಿಗೇ ನಿಲ್ಲಲಿ. ಗೂಡು ಕಟ್ಟಿದ ಮೇಲಿನ ಗತಿ ನಿಮಗೆ ಗೊತ್ತೇ ಇದೆ.

ಹಿಂದೆ ಉಳಿದದ್ದಕ್ಕೆ ಕಾಯುವ ಈ ವಿವೇಕ ನಮ್ಮ ಶಾಲೆಯೊಳಗೂ ಇದೆ, ಆದರೆ ಮೂರು ವರ್ಷದ ಮಟ್ಟಿಗೆ. ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆಯನ್ನು ನೆನಪಿಸಿಕೊಳ್ಳಿ. ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಐದು ತಟ್ಟೆ, ಅಂದರೆ ಮಕ್ಕಳ ಐದು ಗುಂಪು. ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಅರ್ಧ, ಮುಂದಿನವಕ್ಕೆ ಜೊತೆಗಾರರ ನೆರವು, ಕೊನೆಯದು ತಾನೇ ಕಲಿಯುವ ತಟ್ಟೆ. ಹದಿನೈದು ದಿನ ಜ್ವರದಲ್ಲಿ ಮಲಗಿದ್ದ ಮಗು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತುತ್ತದೆ. ದೊಡ್ಡ ಗ್ರಂಥಗಳಲ್ಲಿ ಹೇಳುವ ಹೊಂದಾಣಿಕೆಯ ಬೋಧನೆಯ ಮುಕ್ಕಾಲು ಪಾಲು ಇದೇ.

ಈ ಏಣಿಯ ಮೂಲ ನಮ್ಮ ಗಡಿಯಾಚೆ, ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿ. ಶ್ರೀನಿವಾಸಪುರದಿಂದ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಅಲ್ಲಿಗೆ ಹೋಗಿ ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ತಮ್ಮ ಶಾಲೆಗಳಲ್ಲಿ ಅದನ್ನು ನಲಿ-ಕಲಿಯಾಗಿ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಪಕ್ಕದ ಮನೆಯ ಏಣಿ ಕಾಡಂಚಿನ ಕೋಟೆಯನ್ನು ಸುತ್ತಿ ನಮ್ಮ ಹಟ್ಟಿಗೆ ಬಂದ ಹಾಗಾಯಿತು.

ಆದರೆ ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಏಣಿ ಕಳಚಿ ಬೀಳುತ್ತದೆ. ಎಲ್ಲರಿಗೂ ಒಂದೇ ಪುಟ, ಒಂದೇ ಉಕ್ತಲೇಖನ. ಇಂಗ್ಲಿಷಿನ 26 ಅಕ್ಷರಗಳ ಹಾಗಲ್ಲ ನಮ್ಮ ಲಿಪಿ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಸಾಮಾನ್ಯ ಮಗುವಿಗೇ ಇಷ್ಟು ಕಾಲ ಬೇಕು. ಓದಿನ ತೊಡಕಿರುವ ಮಗುವಿನ ಕೈಯಿಂದ ನಾವು ಏಣಿ ಕಿತ್ತುಕೊಳ್ಳುವುದು ಸರಿಯಾಗಿ ಆ ಹೊತ್ತಿಗೇ.

ನಾನು ಕಂಡ ಒಬ್ಬ ಹುಡುಗ. ಅಪ್ಪನದು ಟೊಮೆಟೊ ತೋಟ. ಹದಿನೈದು ಕೆಜಿ ಬಾಕ್ಸಿಗೆ ಮಂಡಿಯಲ್ಲಿ ಇಷ್ಟು ರೇಟು ಅಂದರೆ ಎಂಟು ಬಾಕ್ಸಿನ ದುಡ್ಡನ್ನು ಬೆರಳೂ ಮಡಿಸದೆ ಹೇಳುತ್ತಿದ್ದ. ಅದೇ ಲೆಕ್ಕ ಪುಸ್ತಕದಲ್ಲಿ ಮೂರು ಸಾಲಿನ ವಾಕ್ಯವಾಗಿ ಬಂದರೆ ಸೊನ್ನೆ. ಅವನಿಗೆ ಗಣಿತ ಬರುವುದಿಲ್ಲ ಎಂದು ಬರೆದವನು ನಾನೇ. ಪ್ರಶ್ನೆಯನ್ನು ಓದಿ ಹೇಳಿದ್ದರೆ ಸಾಕಿತ್ತು, ಅಥವಾ ರಟ್ಟಿನಲ್ಲಿ ಕಿಂಡಿ ಕತ್ತರಿಸಿ ಒಂದು ಸಲಕ್ಕೆ ಒಂದೇ ಸಾಲು ಕಾಣುವ ಹಾಗೆ ಪುಟದ ಮೇಲಿಟ್ಟಿದ್ದರೆ ಸಾಕಿತ್ತು. ಖರ್ಚೇನೂ ಇರಲಿಲ್ಲ. ನನಗೆ ತೋಚಲಿಲ್ಲ, ಅಷ್ಟೇ.

ಇನ್ನೊಂದು ಎಚ್ಚರಿಕೆ ನಮ್ಮ ಗಡಿನಾಡಿಗೇ ವಿಶೇಷ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವ ಮಗು ಕನ್ನಡದಲ್ಲಿ ತಡವರಿಸಿದರೆ ಅದನ್ನು ನ್ಯೂನತೆ ಎಂದು ಬರೆಯಬೇಡಿ. ಅದೇ ಕೆಲಸವನ್ನು ಮನೆಮಾತಿನಲ್ಲಿ ಹೇಳಿ ನೋಡಿ. ಥಟ್ಟನೆ ಮಾಡಿದರೆ ತೊಡಕು ಭಾಷೆಯದು. ಎರಡರಲ್ಲೂ ತೊಳಲಾಡಿದರೆ ಕಿವಿ, ಕಣ್ಣು, ಓದು ಎಲ್ಲವನ್ನೂ ತಪಾಸಣೆ ಮಾಡಿಸಬೇಕು. ಉಕ್ತಲೇಖನದ ತಪ್ಪುಗಳೂ ಎಲ್ಲ ಒಂದೇ ಜಾತಿಯವಲ್ಲ. ‘ಭ’ ಇರಬೇಕಾದಲ್ಲಿ ‘ಬ’ ಬರೆದ ಮಗು ನಮ್ಮ ಸೀಮೆಯ ಬಾಯಿಮಾತನ್ನು ನಿಷ್ಠೆಯಿಂದ ಬರೆದಿದೆ. ಮಹಾಪ್ರಾಣವನ್ನು ಉಸಿರೊತ್ತಿ ಉಚ್ಚರಿಸುವವರು ಈ ಸಭಾಂಗಣದಲ್ಲೂ ಎಷ್ಟು ಜನ ಇದ್ದೀರಿ? ಆದರೆ ತಿಂಗಳುಗಟ್ಟಲೆ ತಿದ್ದಿದ ಮೇಲೂ ಒತ್ತಕ್ಷರ ಜಾಗ ತಪ್ಪುತ್ತಿದ್ದರೆ, ದೀರ್ಘ ಬಿಟ್ಟುಹೋಗುತ್ತಿದ್ದರೆ, ನಿನ್ನೆ ಓದಿದ ಪದ ಇಂದು ಹೊಸದಾಗಿ ಕಂಡರೆ ಆ ಮಗುವಿನ ಪಕ್ಕ ಕೂರಬೇಕು. ಕೆಂಪು ಶಾಯಿ ಈ ಎರಡಕ್ಕೂ ಒಂದೇ ಗುಂಡು ಸುತ್ತುತ್ತದೆ.

ಈಗ ಕಾಯ್ದೆ, ಚುಟುಕಾಗಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯವಿತ್ತು. 2016ರದರಲ್ಲಿ 21, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿ. ಪ್ರಮಾಣಪತ್ರದ ಶೇ 40ರ ಗಡಿ ಕೆಲವು ಸೌಲಭ್ಯಗಳಿಗೆ ಮಾತ್ರ. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ತಕ್ಕ ಹಾಗೆ ಕಲಿಸುವ 16ನೇ ಸೆಕ್ಷನ್ನಿನ ಹೊಣೆಗೆ ಆ ಗಡಿಯಿಲ್ಲ. ‘ಸರ್ಟಿಫಿಕೇಟ್ ಬರಲಿ, ಆಮೇಲೆ ನೋಡೋಣ’ ಎಂದು ಕೂರಲು ಕಾನೂನು ಬಿಟ್ಟಿಲ್ಲ. 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ಎಂದಿತು. ಆ ಹುದ್ದೆಗಳಿಗಾಗಿ ಒತ್ತಾಯಿಸೋಣ. ಅವರು ಬಂದರೂ ಮಗು ದಿನವಿಡೀ ಕೂರುವುದು ನಿಮ್ಮ ತರಗತಿಯಲ್ಲೇ.

ಹಾಗಾಗಿ ನನ್ನದೊಂದು ಕೋರಿಕೆ. ನಾಲ್ಕನೇ ತರಗತಿಯಲ್ಲೂ ಏಣಿಯನ್ನು ಗೋಡೆಗೆ ತೂಗುಹಾಕಿ. ಐದು ತಟ್ಟೆ ಬೇಡ, ಎರಡು ಸಾಕು. ವಾರದಲ್ಲಿ ಎರಡೇ ಪೀರಿಯಡ್ ಆದರೂ ಸರಿ. ಬರುವಾಗ ಒಂದು ಮಗುವಿನ ಕನ್ನಡ ನೋಟ್‌ಬುಕ್ಕನ್ನು ತನ್ನಿ ಎಂದು ಸಂಘಟಕರು ನಿಮಗೆ ಹೇಳಿದ್ದರು. ಅತಿ ಹೆಚ್ಚು ಕೆಂಪು ಇರುವ ಪುಟವನ್ನು ತೆರೆದಿಟ್ಟುಕೊಳ್ಳಿ, ಹೆಸರನ್ನು ಮುಚ್ಚಿಡಿ, ತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿ. ಮಧ್ಯಾಹ್ನದ ಗೋಷ್ಠಿ ಅಲ್ಲಿಂದಲೇ ಶುರುವಾಗಲಿ.