ಗುರಿಯೂ ಖಾತೆಯೂ

(ರಜತೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ದೊಡ್ಡ ಕಂಪನಿಗಳ ನೀತಿ, ನಡತೆ ಬಗ್ಗೆ ನಾಲ್ಕು ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ. ನಾನು ಒಂದೇ ಪ್ರಸಂಗ ಹೇಳ್ತೇನೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನದು. 1852ರಲ್ಲಿ ಶುರುವಾದ, ಹೆಸರುವಾಸಿ ಬ್ಯಾಂಕು.

ಒಂದೊಂದು ಮನೆಗೂ ಎಂಟು ಬಗೆಯ ಖಾತೆ, ಕಾರ್ಡು ಮಾರಬೇಕು ಅಂತ ಮೇಲಿನವರು ಗುರಿ ಇಟ್ಟರು. ಮನೆಯವರಿಗೆ ಬೇಕೋ ಬೇಡವೋ, ಕೇಳಿದವರಿಲ್ಲ. ಗುರಿ ಮುಟ್ಟದಿದ್ದರೆ ಕೆಲಸ ಹೋಗುವ ಭಯ. ಕೆಳಗಿನ ನೌಕರರು ಏನು ಮಾಡಿಯಾರು? ಗಿರಾಕಿಗೆ ತಿಳಿಯದಂತೆ ಅವನ ಹೆಸರಲ್ಲೇ ಖಾತೆ ತೆರೆದರು. ಕೆಲವರು ರುಜುವನ್ನೂ ತಾವೇ ಹಾಕಿದರು! ಇಂಥವು 35 ಲಕ್ಷದವರೆಗೆ ಇರಬಹುದೆಂದು 2017ರಲ್ಲಿ ಬ್ಯಾಂಕೇ ಹೇಳಿತು. 2016ರಲ್ಲಿ ಸರ್ಕಾರ ದಂಡ ಹಾಕುವ ಹೊತ್ತಿಗೆ ಸುಮಾರು 5,300 ಮಂದಿ ಕೆಲಸ ಕಳಕೊಂಡಿದ್ದರು. ಮುಖ್ಯಸ್ಥರ ಮೇಲೆ ದಂಡ ಬಿದ್ದದ್ದು 2020ರಲ್ಲಿ.

ದೂರು ಹೇಳಲು ಬ್ಯಾಂಕಿನಲ್ಲಿ ಬೇರೆ ಫೋನೇ ಇತ್ತು ಅನ್ನಿ. ಒಬ್ಬ ಮ್ಯಾನೇಜರು ಮೇಲಿನವರಿಗೂ ಹೇಳಿ, ಆ ಫೋನಿಗೂ ಹೇಳಿದರು. 2010ರಲ್ಲಿ ಅವರನ್ನೇ ತೆಗೆದರು. ಅವರನ್ನು ಮತ್ತೆ ಸೇರಿಸಿಕೊಂಡು 54 ಲಕ್ಷ ಡಾಲರ್ ಕೊಡಿ ಅಂತ ಸರ್ಕಾರದ ಆದೇಶ ಆಗಲು 2017 ಬರಬೇಕಾಯಿತು.

ನಮ್ಮ ಮಹಾಸಭೆಯಲ್ಲೂ ಈ ವರ್ಷ ಠೇವಣಿ ಇಷ್ಟಾಗಬೇಕು ಅಂತ ಗುರಿ ಹಾಕ್ತೀವಿ. ಆಗಲಿಲ್ಲ ಸ್ವಾಮಿ, ಅಂತ ನಮ್ಮ ಗುಮಾಸ್ತರು ನಿಜ ಹೇಳಿದರೆ ಅವರನ್ನು ಹೇಗೆ ನಡೆಸಿಕೊಳ್ತೀವಿ? ಅದನ್ನೂ ಅದೇ ಠರಾವಿನಲ್ಲಿ ಬರೆಸಿ ಅಂತ ಆಡಳಿತ ಮಂಡಳಿಯವರನ್ನು ಕೇಳಿಕೊಳ್ತೇನೆ.