ಕೆರೆಯಂಚಿನ ಹುಂಡುಕೋಳಿ

(ರೈತ ಶಿಬಿರದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬಿತ್ತನೆ ಬೀಜ, ಗೊಬ್ಬರ, ಸಸಿಮಡಿಗಳನ್ನು ಕುರಿತು ನಿಮ್ಮೊಡನೆ ಎಷ್ಟೋ ಸಲ ಮಾತನಾಡಿದ್ದೇನೆ. ಇಂದು ಒಂದು ಹಕ್ಕಿಯ ವಿಷಯ ಹೇಳಬೇಕೆಂದಿದ್ದೇನೆ. ಗ್ರಾಮಸೇವಕನಿಗೆ ಹಕ್ಕಿಯ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವಿದೆ, ಮುಂದೆ ಹೇಳುತ್ತೇನೆ.

ಮುಂಗಾರು ಮಳೆ ಹಿಡಿದ ರಾತ್ರಿ ಕೆರೆಯ ಕಡೆಯಿಂದ "ಕ್ವಾಕ್, ಕ್ವಾಕ್" ಎಂದು ಬಿಡದೆ ಬರುವ ಕೂಗನ್ನು ನೀವೆಲ್ಲ ಕೇಳಿದ್ದೀರಿ. ಅದನ್ನು ಕಪ್ಪೆಯೆಂದು ತಿಳಿದವರೂ ಉಂಟು. ಅದು ಹುಂಡುಕೋಳಿ. ಬೇಸಿಗೆಯಲ್ಲಿ ಬಾಯಿ ಬಿಡದ ಈ ಹಕ್ಕಿ ಮಳೆಗಾಲದಲ್ಲಿ ಕಾಲು ಗಂಟೆಯಾದರೂ ಕೂಗು ನಿಲ್ಲಿಸದು. ಕೂಗು ಕೇಳಿದವರು ಬಹಳ, ಹಕ್ಕಿಯನ್ನು ನೆಟ್ಟಗೆ ಕಂಡವರು ಕಡಿಮೆ.

ಗಾತ್ರ ಗೌಜುಗದಷ್ಟು, ಉದ್ದ ಸುಮಾರು 32 ಸೆಂಟಿಮೀಟರ್. ಬೆನ್ನು ಬೂದುಗಪ್ಪು. ಮುಖ, ಕತ್ತು, ಎದೆ ಅಚ್ಚ ಬಿಳುಪು. ಮೋಟು ಬಾಲದ ಕೆಳಗೆ ಇಟ್ಟಿಗೆಯ ಕೆಂಪು. ನಡೆಯುವಾಗ ಬಾಲವನ್ನು ಮೇಲಕ್ಕೆ ಕುಣಿಸುತ್ತದೆ. ಕಾಲ್ಬೆರಳು ಉದ್ದವಾದುದರಿಂದ ನೀರಿನ ಮೇಲಿನ ಕಳೆಯ ಮೇಲೂ ಹೆಜ್ಜೆಯಿಟ್ಟು ಹೋಗಬಲ್ಲದು. ಕೆರೆಯ ನಡುವೆ ಈಜುವ, ಹಣೆಯಲ್ಲಿ ಬಿಳಿ ನಾಮವಿರುವ ಕರಿಯ ಹಕ್ಕಿ ನಾಮದ ಕೋಳಿ, ಅದು ಬೇರೆ. ಹುಂಡುಕೋಳಿಗೆ ಬಯಲು ಬೇಡ. ಜೊಂಡು, ಕೇದಗೆಯ ಮೆಳೆ, ಕಾಲುವೆಯ ಪೊದೆ, ಗದ್ದೆಯ ಬದುವಿನ ಹುಲ್ಲು ಇವೇ ಅದರ ಮನೆ. ಆಳು ಕಂಡರೆ ಹಾರುವುದಕ್ಕಿಂತ ಓಡಿ ಮೆಳೆ ಸೇರುವುದೇ ಹೆಚ್ಚು.

ಇದರ ಆಹಾರವೇನು? ಹುಳು, ಎರೆಹುಳು, ಬಸವನಹುಳು, ಸಣ್ಣ ಮೀನು, ಜೌಗಿನ ಗಿಡಗಳ ಎಳೆ ಚಿಗುರು ಮತ್ತು ಕಾಳು. ಗದ್ದೆಯಲ್ಲಿ ನಾಲ್ಕು ಭತ್ತದ ಕಾಳನ್ನೂ ತಿಂದೀತು, ಸುಳ್ಳು ಹೇಳಬಾರದು. ಆದರೆ ದಿನವಿಡೀ ಹುಳು ಹೆಕ್ಕುವ ಆಳಿಗೆ ಅಷ್ಟು ಕೂಲಿ ಹೆಚ್ಚೇನಲ್ಲ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಬಂದ ಹೊಸತರಲ್ಲಿ, ಒಂದು ಊರಿನ ಕೆರೆಯನ್ನು ಚೊಕ್ಕಟ ಮಾಡಿಸಬೇಕೆಂದು ಶ್ರಾವಣದಲ್ಲಿ ಶ್ರಮದಾನ ಏರ್ಪಡಿಸಿದೆ. ಜೊಂಡನ್ನೆಲ್ಲ ಕೊಯ್ಯಿಸಿದೆ. ಮೂಲೆಯ ಮೆಳೆಗೆ ಕುಡುಗೋಲು ಹಾಕಿದಾಗ ಕಡ್ಡಿ, ಬಳ್ಳಿಗಳ ಗೂಡೊಂದು ಉರುಳಿತು. ಒಳಗೆ ಆರು ಮೊಟ್ಟೆ, ಎಲ್ಲವೂ ಒಡೆದವು. ಗಂಡು ಹೆಣ್ಣು ಎರಡೂ ಸರದಿಯಂತೆ ಕಾವು ಕೊಡುವ ಹಕ್ಕಿಯಿದು. ಎರಡು ದಿನ ಜೋಡಿ ಆ ಬೋಳು ದಂಡೆಯಲ್ಲೇ ಸುತ್ತಿ, ಬಳಿಕ ಕಾಣದಾಯಿತು. ಮರುವರ್ಷ ಮೃಗಶಿರಾ ಮಳೆ ಬಂತು, ಕೂಗು ಬರಲಿಲ್ಲ. "ಸ್ವಾಮಿ, ಈ ಸಲ ಕೆರೆ ಮೂಕಾಯಿತಲ್ಲ" ಎಂದರು ಒಬ್ಬ ಹಿರಿಯ ರೈತರು. ಬೇರು ಹಿಡಿದಿದ್ದ ದಂಡೆಯ ಮಣ್ಣೂ ಆ ಮಳೆಯಲ್ಲಿ ಕೊಚ್ಚಿ ಕೆರೆಗೇ ಇಳಿದಿತ್ತು. ಅಂದು ಅವರಿಗೆ ಉತ್ತರ ಹೇಳಲಾಗಲಿಲ್ಲ. ಇಂದು ಈ ಮಾತು ಆಡಲು ಅದೇ ಕಾರಣ.

ಈ ಹಕ್ಕಿ ಇನ್ನೂ ಅಳಿವಿನ ಅಂಚಿಗೆ ಬಂದಿಲ್ಲ. ನಮ್ಮ ದೇಶದಲ್ಲೂ ಆಗ್ನೇಯ ಏಷ್ಯದಲ್ಲೂ ಹರಡಿದೆ. ಆದರೆ ದೇಶದಲ್ಲಿ ಉಂಟೆಂದ ಮಾತ್ರಕ್ಕೆ ನಮ್ಮೂರಿನಲ್ಲಿ ಉಳಿಯುತ್ತದೆಯೆಂದು ಅರ್ಥವಲ್ಲ. ರಂಗನತಿಟ್ಟನ್ನು 1940ರಲ್ಲೇ ಪಕ್ಷಿಧಾಮವೆಂದು ಸಾರಿದರು. ನಮ್ಮ ಕಟ್ಟೆ ಕುಂಟೆಗಳಿಗೆ ಯಾವ ಕಾವಲುಗಾರನೂ ಬರಲಾರ. ಇಲ್ಲಿನ ಕಾವಲು ನಿಮ್ಮದೇ. ಮಾಡಬೇಕಾದುದು ಇಷ್ಟು:

1. ಏರಿಯ ಮೇಲಿನ ಗಿಡಗಳನ್ನು ಕೀಳಿರಿ, ಅವುಗಳ ಬೇರು ಏರಿಯನ್ನು ಸೀಳುತ್ತದೆ. ತೂಬು, ಕೋಡಿಗಳನ್ನೂ ಚೊಕ್ಕಟವಾಗಿಡಿರಿ. ಆದರೆ ಏರಿಗೆ ದೂರವಾದ ಒಂದು ಮೂಲೆಯ ಜೊಂಡು, ಮೆಳೆಗಳನ್ನು ಮುಟ್ಟಬೇಡಿರಿ.

2. ಹೂಳೆತ್ತುವುದು, ಕಳೆ ಕೊಯ್ಯುವುದು ಬೇಸಿಗೆಯಲ್ಲೇ ಮುಗಿಯಲಿ. ಮೃಗಶಿರೆಯಿಂದ ಚಿತ್ತೆಯವರೆಗೆ ಗೂಡಿನ ಕಾಲ.

3. ಜೊಂಡಿಗೆ ಬೆಂಕಿ ಹಚ್ಚಬೇಡಿರಿ.

4. ಕೀಟನಾಶಕ ಸಿಂಪಡಿಸಿದ ಪಂಪನ್ನೂ ಡಬ್ಬಿಯನ್ನೂ ಕೆರೆ ಕಾಲುವೆಗಳಲ್ಲಿ ತೊಳೆಯಬೇಡಿರಿ. ಹುಳು ತಿನ್ನುವ ಹಕ್ಕಿಗೂ ನೀರು ಕುಡಿಯುವ ದನಕ್ಕೂ ಅದು ವಿಷ.

5. ಉರುಲು ಒಡ್ಡುವುದನ್ನೂ ಮೊಟ್ಟೆ ತೆಗೆಯುವುದನ್ನೂ ನಿಲ್ಲಿಸಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದು ಅಪರಾಧ. ಕರಿಯ ತುಪ್ಪುಳಿನ ಮರಿಗಳು ತಾಯಿಯ ಹಿಂದೆ ಸಾಲಾಗಿ ಹೋಗುವುದನ್ನು ಮಕ್ಕಳಿಗೆ ದೂರದಿಂದ ತೋರಿಸಿರಿ.

ನಾನು ಬೋಳಿಸಿದ ಆ ಕೆರೆಯಲ್ಲಿ ಊರವರು ಈಗ ಒಂದು ಮೂಲೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಜೊಂಡು ಎದೆಮಟ್ಟ ಬೆಳೆದಿದೆ. ಕೂಗು ಇನ್ನೂ ಕೇಳಿಸಿಲ್ಲ. ಬರುವ ಮುಂಗಾರಿನಲ್ಲಿ ನೀವೂ ನಿಮ್ಮ ಕೆರೆಯ ಕಡೆಗೆ ಒಂದು ರಾತ್ರಿ ಕಿವಿಗೊಡಿರಿ. ಕೂಗು ಕೇಳಿದರೆ ಆ ಮೂಲೆಯನ್ನು ಕಾಪಾಡಿಕೊಳ್ಳಿರಿ. ಕೇಳದಿದ್ದರೆ ಇಂದೇ ಒಂದು ಮೂಲೆಯನ್ನು ಬಿಡಿರಿ.